ಆಚೆ ಮನೆಯ ದೀಪ, ಈಚೆ ಮನೆಯ ಸ್ವಿಚ್ಚು

ತಿರುಮಕೂಡಲು ನರಸೀಪುರದ ಹಳೇ ಪೇಟೆಯಲ್ಲಿ ರುದ್ರಮ್ಮ ಎಂದು ಹೆಸರು ಹೇಳಿ ಕೇಳಿದರೆ ಯಾರೂ ತಟ್ಟನೆ ಮನೆ ತೋರಿಸುವುದಿಲ್ಲ. ಬೆಲ್ಲದಂಗಡಿ ಶಿವಸ್ವಾಮಿಯವರ ಹೆಂಡತಿ ಎಂದರೆ ತೋರಿಸುತ್ತಾರೆ. ಹೆಮ್ಮಿಗೆಯಲ್ಲಿ ಹುಟ್ಟಿ, ಮದುವೆಯಾಗಿ ಈ ಬೀದಿಗೆ ಬಂದು, ಒಬ್ಬಳೇ ಮಗಳನ್ನು ಹೆತ್ತು ಬನ್ನೂರಿಗೆ ಕೊಟ್ಟು, ಉಳಿದ ಆಯಸ್ಸನ್ನು ಗಂಡನಿಗೆ ಹೊತ್ತುಹೊತ್ತಿಗೆ ಬೇಯಿಸಿಹಾಕುವುದರಲ್ಲಿ ಕಳೆದವಳು. ಊರು ನೆನಪಿಟ್ಟುಕೊಳ್ಳುವಂಥದ್ದು ಏನನ್ನೂ ಮಾಡಿದವಳಲ್ಲ. ಮಾಡಿದ್ದು ಒಂದೇ. ಹದಿನಾರು ವರ್ಷ, ದಿನಾ ಸಂಜೆ, ತನ್ನ ಮನೆಯ ಗೋಡೆಯ ಮೇಲಿದ್ದ ಸ್ವಿಚ್ಚು ಒತ್ತಿ ಪಕ್ಕದ ಮನೆಯ ಅಡುಗೆಕೋಣೆಗೆ ದೀಪ ಹಾಕಿದಳು.

ಪಕ್ಕದ ಮನೆಯವರಿಗೆ ಕೈ ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೈ ಇತ್ತು. ಆದರೆ ಸ್ವಿಚ್ಚು ಈ ಕಡೆ ಇತ್ತು, ಬಲ್ಬು ಆ ಕಡೆ ಇತ್ತು, ನಡುವೆ ಗೋಡೆ ಇತ್ತು.

ಆ ಗೋಡೆ ಮೊದಲಿನಿಂದ ಇದ್ದದ್ದಲ್ಲ. ಅದೊಂದು ಉದ್ದನೆಯ ಹೆಂಚಿನ ಮನೆ. ನಡುವೆ ಪಡಸಾಲೆ, ಪಡಸಾಲೆಗೆ ಅಂಟಿಕೊಂಡು ಅಡುಗೆಕೋಣೆ. ಅಡುಗೆಕೋಣೆಯ ಬಲ್ಬಿನ ಸ್ವಿಚ್ಚು ಬಾಗಿಲಿನ ಹೊರಗೆ, ಪಡಸಾಲೆಯಲ್ಲಿ. ಹಳೆಯ ಕಾಲದ ಕಪ್ಪು ಗುಂಡು ಸ್ವಿಚ್ಚು, ಒತ್ತಿದರೆ ಟಕ್ಕೆಂದು ಇಡೀ ಮನೆಗೆ ಕೇಳುತ್ತಿತ್ತು. ಶಿವಸ್ವಾಮಿ, ಅವನ ತಮ್ಮ ಗಂಗಾಧರಸ್ವಾಮಿ ಇಬ್ಬರೂ ಹೆಂಡಿರ ಸಮೇತ ಅಲ್ಲೇ ಇದ್ದರು. ಅಣ್ಣ ಬೆಲ್ಲದ ಅಂಗಡಿ ನೋಡಿಕೊಳ್ಳುತ್ತಿದ್ದ. ತಮ್ಮ ಬನ್ನೂರು ಸುತ್ತಮುತ್ತ ತಿರುಗಿ ರೈತರಿಂದ ಭತ್ತ ಹಿಡಿದು ಮಿಲ್ಲಿಗೆ ಮಾರುತ್ತಿದ್ದ. ತಮ್ಮನ ಹೆಂಡತಿ ಮಲ್ಲಾಜಮ್ಮ ಸುತ್ತೂರು ಹತ್ತಿರದ ಹಳ್ಳಿಯ ಹುಡುಗಿ. ಬಂದಾಗ ಮುದ್ದೆ ತೊಳಸಲೂ ಬರುತ್ತಿರಲಿಲ್ಲ. ಕಲಿಸಿದವಳು ರುದ್ರಮ್ಮ. ಮಲ್ಲಾಜಮ್ಮ ಹೆತ್ತಾಗ ತವರಿನಲ್ಲಿ ಮಾಡುವವರು ಇರಲಿಲ್ಲ. ಮೂರು ತಿಂಗಳು ಎಣ್ಣೆ ತಿಕ್ಕಿ, ನೀರು ಹುಯ್ದು, ಬಾಣಂತನ ಮಾಡಿದವಳೂ ಅವಳೇ. ಮದನ್ ಎಂದು ಹೆಸರಿಟ್ಟ ಆ ಕೂಸು ಅವ್ವನಿಗಿಂತ ಹೆಚ್ಚಾಗಿ ದೊಡ್ಡವ್ವನ ಸೊಂಟದಲ್ಲೇ ಬೆಳೆಯಿತು.

೧೯೯೧ರಲ್ಲಿ ಮಠದ ಸ್ವಾಮಿಗಳೊಬ್ಬರು ಊರಿಗೆ ಬಂದಿದ್ದವರು ಇವರ ಮನೆಯಲ್ಲಿ ಪಾದಪೂಜೆಗೆ ಒಪ್ಪಿಕೊಂಡರು. ಅವತ್ತೇ ಬೆಳಿಗ್ಗೆ ಗಂಗಾಧರಸ್ವಾಮಿ ಭತ್ತದ ಲಾರಿಯ ಹಿಂದೆ ಬನ್ನೂರಿಗೆ ಹೋಗಿದ್ದ. ಪೂಜೆ ಹೊತ್ತಿಗೆ ಬಂದುಬಿಡುತ್ತೇನೆ ಎಂದಿದ್ದ. ಲಾರಿ ದಾರಿಯಲ್ಲಿ ಕೆಟ್ಟು ನಿಂತಿತು. ಸ್ವಾಮಿಗಳಿಗೆ ಇನ್ನೂ ನಾಲ್ಕು ಮನೆ ಮುಗಿಸಬೇಕಿತ್ತು. ಅಣ್ಣ ಸ್ವಲ್ಪ ಹೊತ್ತು ಬೀದಿ ಕಡೆ ನೋಡಿದ, ಆಮೇಲೆ ಹೆಂಡತಿಯನ್ನು ಕರೆದು ಕೂರಿಸಿಕೊಂಡು ಪೂಜೆ ಮುಗಿಸಿಬಿಟ್ಟ. ತಮ್ಮ ಬೆವರು ಒರೆಸಿಕೊಳ್ಳುತ್ತಾ ಬಂದಾಗ ಗದ್ದುಗೆಯ ಹೂವನ್ನು ಗುಡಿಸುತ್ತಿದ್ದರು.

"ನಮ್ಮನೇಲಿ ನಂಗೇ ಪಾದೋದಕ ಇಲ್ದಂಗಾಯ್ತು" ಎಂದ ತಮ್ಮ.

"ನಿನ್ ಲಾರಿಗೋಸ್ಕರ ಸ್ವಾಮ್ಗೋಳ್ನ ಕಾಯ್ಸಕ್ಕಾಯ್ತದಾ?" ಎಂದ ಅಣ್ಣ.

ಇಷ್ಟೇ. ಆದರೆ ಇಬ್ಬರಿಗೂ ಮೂಗಿನ ತುದಿಯಲ್ಲೇ ಸಿಟ್ಟು. ಪಾದೋದಕದಿಂದ ಹಿಡಿದು ಅಂಗಡಿ, ಅಂಗಡಿಯಿಂದ ಅಪ್ಪನ ಕಾಲದ ಮಂಚ, ಹೀಗೆ ಹಳೆಯದೆಲ್ಲ ಮೇಲೆ ಬಂತು. ಆರು ತಿಂಗಳಲ್ಲಿ ಹಿರಿಯರು ಕೂತು ಮನೆ ಪಾಲು ಮಾಡಿದರು. ಪಡಸಾಲೆ, ಬೀದಿ ಬಾಗಿಲು ಅಣ್ಣನಿಗೆ, ಒಲೆಯನ್ನು ಪಡಸಾಲೆಯ ಮೂಲೆಯಲ್ಲೇ ಹೂಡಿಕೊಳ್ಳಬೇಕು. ಅಡುಗೆಕೋಣೆ, ಹಿಂದಿನ ಎರಡು ಕೋಣೆ, ಪಕ್ಕದ ಓಣಿಗೆ ಹೊಸ ಬಾಗಿಲು ತಮ್ಮನಿಗೆ. ಅಡುಗೆಕೋಣೆಯ ಬಾಗಿಲು ಮುಚ್ಚಿ, ತೊಲೆಯ ಎತ್ತರಕ್ಕೆ ಇಟ್ಟಿಗೆ ಗೋಡೆ ಎಬ್ಬಿಸಿದರು. ಗೋಡೆಗೂ ಹೆಂಚಿಗೂ ನಡುವೆ ಒಂದು ಮೊಳ ಸಂದಿ ಉಳಿಯಿತು. ಅದನ್ನು ಮುಚ್ಚುವಷ್ಟು ಇಟ್ಟಿಗೆ ಇರಲಿಲ್ಲವೋ, ಹಟ ಸಾಕಾಯಿತೋ, ಹಾಗೇ ಬಿಟ್ಟರು.

ಪಾಲಾದ ದಿನ ಇನ್ನೊಂದು ಕೆಲಸ ನಡೆಯಿತು. ಹೆಂಗಸರಿಬ್ಬರೂ ತಮ್ಮತಮ್ಮ ಕೊರಳಿನ ಕರಡಿಗೆ ಮುಟ್ಟಿ ಆಣೆ ಮಾಡಬೇಕೆಂದು ಗಂಡಂದಿರು ಹಟ ಹಿಡಿದರು. ಆ ಮನೆಯವರ ಜೊತೆ ಮಾತಾಡುವುದಿಲ್ಲ, ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ, ಕೊಡುವುದಿಲ್ಲ, ಕೊಳ್ಳುವುದಿಲ್ಲ. ಕರಡಿಗೆಯೊಳಗೆ ಇಷ್ಟಲಿಂಗ. ಅದನ್ನು ಮುಟ್ಟಿ ಆಡಿದ ಮಾತು ತಪ್ಪುವಂತಿಲ್ಲ. ಗಂಡಸರು ತಾವೇ ಆಣೆ ಮಾಡಿದ್ದರೆ ವರ್ಷದೊಳಗೆ ಯಾರದಾದರೂ ಮದುವೆಯ ಪಂಕ್ತಿಯಲ್ಲಿ ಮರೆತು ಮಾತಾಡಿ ಎಲ್ಲ ಮುಗಿದುಹೋಗುತ್ತಿತ್ತು. ಹೆಂಗಸರ ಕೈಲಿ ಮಾಡಿಸಿದರು. ಅದಕ್ಕೇ ಅದು ಉಳಿಯಿತು.

ಗೋಡೆ ಕಟ್ಟಿದ ಗಾರೆಯವನೂ ಸೇರಿದಂತೆ ಇಷ್ಟು ಜನ ಬುದ್ಧಿವಂತರು ಕೂಡಿ ಯೋಚಿಸಿದರಲ್ಲ, ಅವರಲ್ಲಿ ಒಬ್ಬರಿಗೂ ಸ್ವಿಚ್ಚಿನ ನೆನಪಾಗಲಿಲ್ಲ. ಮೊದಲ ಸಂಜೆ ಮಲ್ಲಾಜಮ್ಮ ಕತ್ತಲೆಯ ಅಡುಗೆಕೋಣೆಯಲ್ಲಿ ನಿಂತಿದ್ದಳು. ಕತ್ತಲೆಗೆ ಹೆದರಿ ಅಳುವ ಏಳು ವರ್ಷದ ಮದನನನ್ನು ಸುಮ್ಮನಿರಿಸುವ ಸದ್ದು ಗೋಡೆಯ ಮೇಲಿನ ಸಂದಿಯಿಂದ ರುದ್ರಮ್ಮನಿಗೆ ಕೇಳುತ್ತಿತ್ತು. ಆಮೇಲೆ ಗೋಡೆಯ ಮೇಲೆ ಸೌಟಿನ ಹಿಡಿಯಿಂದ ಎರಡು ಏಟು ಬಿತ್ತು. ರುದ್ರಮ್ಮನಿಗೆ ಅರ್ಥವಾಗಲು ಒಂದು ಗಳಿಗೆಯೂ ಹಿಡಿಯಲಿಲ್ಲ. ಎದ್ದು ಹೋಗಿ ಸ್ವಿಚ್ಚು ಒತ್ತಿದಳು. ಸಂದಿಯಲ್ಲಿ ಬೆಳಕು ಹೊಮ್ಮಿ ಅವಳ ಪಡಸಾಲೆಯ ಹೆಂಚು ಹೊತ್ತ ಗಳುಗಳ ಮೇಲೂ ಬಿತ್ತು. ಮಲಗುವ ಹೊತ್ತಿಗೆ ಒಂದು ಏಟು ಬಿತ್ತು, ಆರಿಸಿದಳು.

ಗೋಡೆಗೆ ಕುಟ್ಟುವುದು ಮಾತಲ್ಲ. ಸ್ವಿಚ್ಚು ಒತ್ತುವುದು ಕೊಟ್ಟದ್ದೂ ಅಲ್ಲ, ಕೊಂಡದ್ದೂ ಅಲ್ಲ. ಹೊಸ್ತಿಲಂತೂ ದಾಟಿಲ್ಲ. ರುದ್ರಮ್ಮ ಇದನ್ನು ಮನಸ್ಸಿನಲ್ಲೇ ನಾಲ್ಕು ಸಲ ತೂಗಿ ನೋಡಿದಳು. ಆಣೆ ಎಲ್ಲೂ ಮುಕ್ಕಾಗಿರಲಿಲ್ಲ.

ಶಿವಸ್ವಾಮಿಗೆ ವಾರದಲ್ಲೇ ಇದು ಗೊತ್ತಾಯಿತು. ಬಲ್ಬು ಉರಿಯುತ್ತಿದ್ದದ್ದು ಅವನ ಮೀಟರಿನ ಕರೆಂಟಿನಲ್ಲಿ. ಬೈಯುತ್ತಾನೇನೋ ಎಂದು ರುದ್ರಮ್ಮ ಕಾದಳು. ಅವನು ಬೈಯಲಿಲ್ಲ, ಮೀಸೆ ತೀಡಿಕೊಂಡ. ತಮ್ಮನ ಮನೆಯ ಒಲೆ ತನ್ನ ಬೆಳಕಿನಲ್ಲಿ ಉರಿಯುತ್ತದೆ ಎನ್ನುವುದು ಅವನಿಗೆ ಒಳಗೊಳಗೇ ಹಿತವಾಗಿತ್ತು. ಆ ಕಡೆ ಗಂಗಾಧರಸ್ವಾಮಿಗೂ ಅಣ್ಣನ ಮೀಟರು ತಿರುಗಲಿ ಎನ್ನುವ ಸಂತೋಷ ಇದ್ದಿರಬೇಕು. ಹೀಗೆ ಇಬ್ಬರೂ ಒಂದೇ ಬಲ್ಬಿನಿಂದ ಗೆದ್ದರು.

ಬೀದಿಯ ವೈರಿಂಗ್ ಕೆಲಸವೆಲ್ಲ ಮಾಡುತ್ತಿದ್ದವನು ಪುಟ್ಟರಾಜು. ಫ್ಯಾನು ರಿಪೇರಿಗೆ ಬಂದಾಗ ಅವನ ಕಣ್ಣಿಗೆ ಇದು ಬಿತ್ತು.

"ಏನಮ್ಮೋರೆ ಇದು, ಅವ್ರ ಮೀಟರಿಂದ ಒಂದು ವೈರು ಎಳ್ದು, ಆ ಕಡೆ ಗೋಡೆಗೇ ಒಂದು ಸ್ವಿಚ್ಚು ಹಾಕುದ್ರೆ ಮುಗ್ದೋಯ್ತದಲ್ಲ. ಅರ್ಧ ಗಂಟೆ ಕೆಲ್ಸ."

"ಆ ಗೋಡೆಗೆ ಮೊಳೆ ಹೊಡೆಯಂಗಿಲ್ಲ ಪುಟ್ಟರಾಜು. ಪಾಲು ಮಾಡ್ದಾಗ ಹಂಗಂತಲೇ ಮಾತಾಗದೆ" ಎಂದಳು ರುದ್ರಮ್ಮ.

ಹಾಗೆ ಯಾವ ಮಾತೂ ಆಗಿರಲಿಲ್ಲ. ಬಾಯಿಗೆ ಬಂದ ಸುಳ್ಳು ಅದು. ಪುಟ್ಟರಾಜು ಸ್ಕ್ರೂಡ್ರೈವರಿನಿಂದ ಕಿವಿ ಕೆರೆದುಕೊಂಡು, "ಆ ಮನೆ ಅಮ್ಮೋರೂ ಹಿಂಗೇ ಅಂದ್ರು ಕಣ್ರವ್ವ. ನಂಗ್ಯಾಕೆ" ಎಂದು ಸುಮ್ಮನಾದ. ರುದ್ರಮ್ಮ ಅವತ್ತು ಅವನಿಗೆ ಬರೀ ಕಾಫಿಯಲ್ಲದೆ ಉಪ್ಪಿಟ್ಟನ್ನೂ ಮಾಡಿ ಕೊಟ್ಟಳು. ಎರಡು ಮನೆಯಲ್ಲಿ ಇಬ್ಬರು ಹೆಂಗಸರು, ಒಬ್ಬರನ್ನೊಬ್ಬರು ಕೇಳದೆ, ಒಂದೇ ಸುಳ್ಳು ಹೇಳಿದ್ದರು. ಆ ಮಾತನ್ನು ಅವಳು ಬಹಳ ದಿನ ಎದೆಯಲ್ಲಿಟ್ಟುಕೊಂಡು ಓಡಾಡಿದಳು.

ವರ್ಷಗಳು ಕಳೆದ ಹಾಗೆ ರುದ್ರಮ್ಮನಿಗೆ ಆ ಎರಡು ಏಟುಗಳಲ್ಲೇ ಓರಗಿತ್ತಿಯ ದಿನ ಹೇಗಿತ್ತೆಂದು ತಿಳಿಯುತ್ತಿತ್ತು. ಗಂಡನ ಮೇಲೆ ಸಿಟ್ಟಿದ್ದರೆ ಏಟು ಜೋರು. ನೆಂಟರು ಬಂದಿದ್ದರೆ ಹೊತ್ತಿಗೆ ಮುಂಚೆ. ಮೈ ಹುಷಾರಿಲ್ಲದಿದ್ದರೆ ಮೊದಲ ಏಟಿಗೂ ಎರಡನೆಯದಕ್ಕೂ ನಡುವೆ ಉಸಿರೆಳೆದುಕೊಳ್ಳುವಷ್ಟು ಬಿಡುವು. ಒಂದು ಮಳೆಗಾಲದಲ್ಲಿ ಮಲ್ಲಾಜಮ್ಮನಿಗೆ ಕಾಮಾಲೆಯಾಗಿ ಮಲಗಿದಾಗ ಗೋಡೆ ಕುಟ್ಟಿದವನು ಗಂಗಾಧರಸ್ವಾಮಿ. ಸೌಟು ಹಿಡಿಯಲು ನಾಚಿಕೆಯೇನೋ, ಮುಷ್ಟಿಯಲ್ಲಿ ಗುದ್ದಿದ. ರುದ್ರಮ್ಮ ಸ್ವಿಚ್ಚು ಹಾಕಿ, ಅಲ್ಲೇ ಗೋಡೆಗೆ ಒರಗಿ ಕೂತಳು. ಗಂಜಿ ಕಾಯಿಸಿ ಕೊಡುವಂತಿಲ್ಲ, ಹೇಗಿದ್ದೀಯ ಎನ್ನುವಂತಿಲ್ಲ. ಹತ್ತು ದಿನದ ಮೇಲೆ ಸೌಟಿನ ಸದ್ದು ಕೇಳಿದಾಗ ಅವಳು ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಮಗಳ ಬಾಣಂತನಕ್ಕೆಂದು ಬನ್ನೂರಿಗೆ ಹೋಗಬೇಕಾಗಿ ಬಂದಾಗ ಸ್ವಿಚ್ಚು ಒತ್ತಿಯೇ ಹೋಗಿದ್ದಳು. ಗಂಡನನ್ನು ನಂಬುವಂತಿರಲಿಲ್ಲ. ಬಲ್ಬು ಹಗಲಿರುಳೆನ್ನದೆ ಉರಿದು ಉರಿದು ಸುಟ್ಟುಹೋಯಿತು. ವಾಪಸು ಬಂದ ಸಂಜೆ ಎರಡು ಏಟು ಎಂದಿಗಿಂತ ಜೋರಾಗಿ ಬಿದ್ದವು. ಬೈಗುಳವೋ, ಬಂದೆಯಾ ಎನ್ನುವುದೋ, ರುದ್ರಮ್ಮನಿಗೆ ಎರಡೂ ಒಂದೇ ಆಗಿತ್ತು.

ಅಷ್ಟರಲ್ಲಿ ಮದನ್ ಬೆಳೆದು ದೊಡ್ಡವನಾದ. ಡಿಪ್ಲೊಮಾ ಓದಿ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ. ದಿನಾ ಬೆಳಿಗ್ಗೆ ನಂಜನಗೂಡು ಬಸ್ಸಿಗೆ ಓಡುವುದನ್ನು ರುದ್ರಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಬೀದಿಯಲ್ಲಿ ಎದುರಾದರೆ ಅವನು ನಗುತ್ತಿದ್ದ. ಅವಳೂ ನಕ್ಕು ಮುಂದೆ ಹೋಗುತ್ತಿದ್ದಳು. ೨೦೦೭ರಲ್ಲಿ ಅವನಿಗೆ ಮದುವೆ ಗೊತ್ತಾಯಿತು. ಹೆಣ್ಣು ನಂಜನಗೂಡಿನವಳು, ಬಿ.ಎ. ಮಾಡಿದವಳು. ಮದನನಿಗೆ ಅಲ್ಲಿಯವರೆಗೆ ಕಾಣದಿದ್ದ ಒಂದು ಸಂಗತಿ ಈಗ ಕಾಣತೊಡಗಿತು. ಅವನ ಅವ್ವ ದಿನಾ ಸಂಜೆ ಸೌಟು ಹಿಡಿದು ಗೋಡೆಗೆ ಕುಟ್ಟುತ್ತಾಳೆ. ಬರುವ ಹುಡುಗಿ ಇದನ್ನು ನೋಡಿ ಏನೆಂದುಕೊಳ್ಳುತ್ತಾಳೆ?

ಆ ವರ್ಷ ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಹೋದವನು ಒಂದು ಮಳಿಗೆಯ ಮುಂದೆ ನಿಂತುಬಿಟ್ಟ. ವೈರಿಲ್ಲದ ಸ್ವಿಚ್ಚು. ಅಂಗೈಯಗಲದ ಬಿಳಿ ಹಲಗೆ, ಅದರ ಮೇಲೆ ಎರಡು ಗುಂಡಿ, ಒಳಗೊಂದು ಸಣ್ಣ ಬ್ಯಾಟರಿ. ಅದನ್ನು ಗೋಡೆಗೆ ಅಂಟಿಸಿದರಾಯಿತು. ಸೋಪಿನ ಪೆಟ್ಟಿಗೆಯಷ್ಟು ಇನ್ನೊಂದು ಡಬ್ಬಿಯನ್ನು ಮೇಲೆ ಬಲ್ಬಿನ ವೈರಿಗೆ ಸೇರಿಸಬೇಕು. ಗುಂಡಿ ಒತ್ತಿದರೆ ಗಾಳಿಯಲ್ಲೇ ಸಿಗ್ನಲ್ ಹೋಗಿ ದೀಪ ಹತ್ತುತ್ತದೆ. ಗೋಡೆ ಕೆತ್ತುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ತಮ್ಮ ಮನೆಗೆಂದೇ ಮಾಡಿದ ಹಾಗಿದೆಯಲ್ಲ ಎಂದು ಅವನು ಕೊಂಡು ತಂದ.

ಅಂದು ಸಂಜೆ ಮಲ್ಲಾಜಮ್ಮ ಎಂದಿನಂತೆ ಕುಟ್ಟಿದಳು, ರುದ್ರಮ್ಮ ಎಂದಿನಂತೆ ಒತ್ತಿದಳು. ಸ್ವಲ್ಪ ಹೊತ್ತಿಗೆ ಆ ಕಡೆ ಸ್ಟೂಲು ಎಳೆಯುವ ಸದ್ದು, ದೀಪ ಮಿಣುಕಿ ಆರಿ ಮತ್ತೆ ಹತ್ತುವುದು, ಮದನನ ನಗು ಎಲ್ಲ ಸಂದಿಯಿಂದ ಕೇಳಿಸಿತು. ಊಟದ ಹೊತ್ತು ಕಳೆಯಿತು. ಮಲಗುವ ಹೊತ್ತೂ ಆಯಿತು. ಒಂದು ಏಟಿಗಾಗಿ ರುದ್ರಮ್ಮ ಕಿವಿಗೊಟ್ಟು ಕೂತಿದ್ದಳು. ಏಟು ಬೀಳಲಿಲ್ಲ, ಗಳುಗಳ ಮೇಲಿನ ಬೆಳಕು ಮಾತ್ರ ತಾನಾಗಿ ಆರಿತು. ಬಲ್ಬು ಹೋಯಿತೇನೋ ಎಂದುಕೊಂಡು, ಅಭ್ಯಾಸದಂತೆ ತನ್ನ ಸ್ವಿಚ್ಚನ್ನೂ ಆರಿಸಿ ಮಲಗಿದಳು.

ಮರುದಿನ ಸಂಜೆ ಎರಡು ಏಟು ಬಿದ್ದೇ ಬಿದ್ದವು. ಅದರ ಮರುದಿನವೂ ಬಿದ್ದವು. ಭಾನುವಾರ ಮಾತ್ರ ಮದನ್ ಟೆಸ್ಟರ್ ಕೈಯಲ್ಲಿ ಹಿಡಿದುಕೊಂಡೇ ದೊಡ್ಡವ್ವನ ಪಡಸಾಲೆಗೆ ಬಂದು ನಿಂತ. ಗೋಡೆ ಎದ್ದ ಮೇಲೆ ಅವನು ಈ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಆಣೆ ಮಾಡಿದ್ದವನು ಅವನಲ್ಲವಲ್ಲ.

"ದೊಡ್ಡವ್ವ, ನಮ್ಮಡುಗೆಮನೆಗೆ ರಿಮೋಟ್ ಸ್ವಿಚ್ಚು ಹಾಕಿವ್ನಿ. ಒಂದಿನ ನಡೀತು, ಆಮೇಲೆ ನಡೀಲೇ ಇಲ್ಲ. ಈಗ ನೋಡುದ್ರೆ ಕರೆಂಟು ಬರೋದೇ ನಿಮ್ ಸ್ವಿಚ್ಚಿಂದ. ನೀವು ಆರ್ಸುದ್ರೆ ನಮ್ ಡಬ್ಬಿಗೂ ಕರೆಂಟಿಲ್ಲ. ನೀವು ಇದ್ನ ಒತ್ಬುಟ್ಟು ಹಂಗೇ ಬುಟ್ಬುಡಿ. ಇನ್ಮೇಲೆ ಮುಟ್ಟದೇ ಬ್ಯಾಡ."

ರುದ್ರಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಗಲ್ಲ ಮಲ್ಲಾಜಮ್ಮನದೇ. ಇವನು ಮಗುವಾಗಿದ್ದಾಗ ತಾನೇ ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ನೆಟ್ಟಗೆ ಮಾಡಿದ ಮೂಗು. ತನಗೂ ಅವನಿಗೂ ಮಾತು ನಿಷಿದ್ಧವೇ, ಅವನೂ ಆ ಮನೆಯವನೇ ಅಲ್ಲವೇ ಎಂದು ಒಂದು ಕ್ಷಣ ತೂಗಿದಳು. ಬಂದು ಕೇಳಿದವನಿಗೆ ಉತ್ತರ ಕೊಡದಿರುವಷ್ಟು ಕಠಿಣವಾದ ಆಣೆ ಯಾವುದೂ ಇರಲಾರದು ಎನಿಸಿತು.

"ನಿಮ್ಮವ್ವ ಏನಂದ್ಲು?"

"ಅವ್ವಂಗೇನು, ಸೌಟು ಹಿಡ್ಕಂಡು ಗೋಡೆ ಕುಟ್ಟದು ತಪ್ತಲ್ಲ. ಖುಷಿನೇ."

ರುದ್ರಮ್ಮ ಹೂಂ ಎಂದಳು. ಕಾಫಿಗೆಂದು ಇಟ್ಟಿದ್ದ ಹಾಲು ಒಲೆಯ ಮೇಲೆ ಉಕ್ಕುತ್ತಿತ್ತು. ಕೊಡುವುದಿಲ್ಲ ಎಂದು ಆಣೆ ಮಾಡಿದ್ದಳಲ್ಲ, ಕೊಡಲಿಲ್ಲ. ಮದನ್ ಅದನ್ನು ಗಮನಿಸಲೂ ಇಲ್ಲ, ಕೆಲಸವಾಯಿತೆಂದು ಹೊರಟುಹೋದ. ಅವಳು ಎದ್ದು ಹೋಗಿ ಸ್ವಿಚ್ಚು ಒತ್ತಿ ಬಿಟ್ಟಳು.

ಅಂದಿನಿಂದ ಸಂಜೆಗಳು ಸದ್ದಿಲ್ಲದೆ ಬರತೊಡಗಿದವು. ಹೊತ್ತು ಮುಳುಗುತ್ತಿದ್ದಂತೆ ಗಳುಗಳ ಮೇಲೆ ತಾನಾಗಿ ಬೆಳಕು ಬೀಳುತ್ತಿತ್ತು, ತಾನಾಗಿ ಆರುತ್ತಿತ್ತು. ಆ ಮನೆಯ ದೀಪ ಈಗಲೂ ಅವಳ ಸ್ವಿಚ್ಚಿನಿಂದಲೇ ಉರಿಯುತ್ತಿದ್ದರೂ ಅವಳನ್ನು ಕೇಳುವವರು ಯಾರೂ ಇರಲಿಲ್ಲ. ಮಲ್ಲಾಜಮ್ಮನ ಮಂಡಿನೋವು ಹೆಚ್ಚಾಗಿದೆಯೋ, ಮದುವೆ ಓಡಾಟದಲ್ಲಿ ಸುಸ್ತಾಗಿದ್ದಾಳೋ, ಒಂದೂ ತಿಳಿಯುತ್ತಿರಲಿಲ್ಲ. ಸಂಜೆ ಹೊತ್ತು ಅವಳಿಗೆ ಕೈಯಲ್ಲಿ ಹಿಡಿದ ಕೆಲಸ ಸಾಗುತ್ತಿರಲಿಲ್ಲ. ಬೇಳೆ ಆರಿಸುತ್ತಾ ಕೂತರೆ ಕಲ್ಲನ್ನು ಬಿಟ್ಟು ಬೇಳೆಯನ್ನು ಎಸೆಯುತ್ತಿದ್ದಳು. "ಯಾಕೋ ಸಪ್ಗಿದ್ದೀಯಲ್ಲ" ಎಂದು ಶಿವಸ್ವಾಮಿ ಕೇಳಿದ. "ಏನಿಲ್ಲ" ಎಂದಳು.

ಖುಷಿನೇ ಎಂದು ಹುಡುಗ ಅಂದದ್ದು ಅವಳ ಮನಸ್ಸಿನಿಂದ ಹೋಗಲಿಲ್ಲ. ಇಷ್ಟು ವರ್ಷ ಆ ಏಟುಗಳಿಗೆ ತಾನೊಬ್ಬಳೇ ಅರ್ಥ ಹಚ್ಚಿಕೊಂಡು ಕೂತಿದ್ದೆನೇ? ಮಲ್ಲಾಜಮ್ಮನಿಗೆ ಅದು ಬರೀ ದೀಪ ಹಾಕಿಸಿಕೊಳ್ಳುವ ಕೆಲಸವಾಗಿತ್ತೇ? ಇದನ್ನು ಯಾರನ್ನು ಕೇಳುವುದು? ಕೇಳಬೇಕಾದವಳು ಗೋಡೆಯ ಆಚೆ ನಾಲ್ಕು ಅಡಿ ದೂರದಲ್ಲಿ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆ ಸಿಡಿಯುವ ಸದ್ದೂ ಕೇಳುತ್ತಿತ್ತು.

ಕಾರ್ತಿಕದ ಒಂದು ಮಧ್ಯಾಹ್ನ ರುದ್ರಮ್ಮ ಹೋಗಿ ಸ್ವಿಚ್ಚು ಆರಿಸಿದಳು.

ಮಾಡುತ್ತಿರುವುದು ಸಣ್ಣತನ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಾಡಬಾರದೆಂದು ಮೂರು ದಿನ ತಡೆದುಕೊಂಡೂ ಇದ್ದಳು. ಆ ಸಂಜೆ ಕತ್ತಲಾಯಿತು. ಆ ಕಡೆ ಗುಂಡಿ ಒತ್ತುವ ಸಣ್ಣ ಸದ್ದು ಒಂದೆರಡು ಸಲ ಕೇಳಿತು. ಗಳುಗಳು ಕತ್ತಲಾಗಿಯೇ ಇದ್ದವು. ಈಗ ಕುಟ್ಟುತ್ತಾಳೆ, ಈಗ ಕುಟ್ಟುತ್ತಾಳೆ ಎಂದು ರುದ್ರಮ್ಮ ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದಳು. ಕುಟ್ಟಲಿಲ್ಲ. ಬದಲಿಗೆ ಕಡ್ಡಿ ಗೀರಿದ ಸದ್ದು ಕೇಳಿತು. ಗಳುಗಳ ಮೇಲೆ ಸೀಮೆಎಣ್ಣೆ ಬುಡ್ಡಿಯ ಮಂಕು ಬೆಳಕು ಅಲ್ಲಾಡಿತು. ಮರುದಿನವೂ ಅದೇ ಬುಡ್ಡಿ. ಇವಳು ಹಾಕಲಿಲ್ಲ, ಅವಳು ಕುಟ್ಟಲಿಲ್ಲ. ಒಬ್ಬರಿಗಿಂತ ಒಬ್ಬರು ಗಟ್ಟಿಗಿತ್ತಿಯರು.

ಮೂರನೆಯ ದಿನ ಹಗಲು ಊಟ ಮುಗಿಸಿ ರುದ್ರಮ್ಮ ಒಲೆ ಸಾರಿಸುತ್ತಿದ್ದಾಗ ಗೋಡೆಯ ಮೇಲೆ ಏಟು ಬಿತ್ತು. ಇನ್ನೊಂದು ಬಿತ್ತು.

ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಬಿಸಾಡಿ ಓಡಿದಳು. ಇಷ್ಟು ಹೊತ್ತಿಗೆ ಯಾಕೆ ದೀಪ ಎಂದು ಯೋಚಿಸಲೂ ಇಲ್ಲ. ಸ್ವಿಚ್ಚು ಒತ್ತಿದಳು. ಏಟು ಮತ್ತೆ ಬಿತ್ತು. ಆರಿಸಿ ಮತ್ತೆ ಒತ್ತಿದಳು. ಏಟು ಬೀಳುತ್ತಲೇ ಹೋಯಿತು, ಮೂರು, ನಾಲ್ಕು, ಐದು, ಗೋಡೆಯ ಉದ್ದಕ್ಕೂ ಒಂದೊಂದು ಗೇಣು ಸರಿಯುತ್ತಾ. ಆಮೇಲೆ ಪುಟ್ಟರಾಜುವಿನ ದನಿ ಕೇಳಿತು. "ಇನ್ನೆರಡು ಕ್ಲಿಪ್ಪು ಕೊಡಿ ಮದನಪ್ಪ, ಇಲ್ಲಿಗೆ ಮುಗೀತು."

ಸೌಟಲ್ಲ, ಸುತ್ತಿಗೆ. ಅವರು ತಮ್ಮ ಮೀಟರಿನಿಂದ ಹೊಸ ವೈರು ಎಳೆಯುತ್ತಿದ್ದರು.

ಪುಟ್ಟರಾಜು ಕೆಲಸ ಮುಗಿಸಿ ಈ ಕಡೆಗೂ ಬಂದ. ಸ್ವಿಚ್ಚಿನ ಹಲಗೆ ಬಿಚ್ಚಿ, ಅಡುಗೆಕೋಣೆಗೆ ಹೋಗುತ್ತಿದ್ದ ವೈರನ್ನು ಕತ್ತರಿಸಿ, ತುದಿಗೆ ಟೇಪು ಸುತ್ತಿ, ಹಲಗೆಯನ್ನು ಮತ್ತೆ ಕೂರಿಸಿದ.

"ಇದ್ರಲ್ಲಿ ಇನ್ನೇನೂ ಇಲ್ಲ ಅಮ್ಮೋರೆ. ಒತ್ತುದ್ರೂ ಅಷ್ಟೇ, ಬುಟ್ರೂ ಅಷ್ಟೇ."

"ಆ ಗೋಡೆಗೆ ಮೊಳೆ ಹೊಡೆಯಂಗಿಲ್ಲ ಅಂತಿದ್ರಲ್ಲ ಆ ಮನೆಯವ್ರು?" ಎಂದು ರುದ್ರಮ್ಮ ಕೇಳಿದಳು.

"ಅದ್ನೆಲ್ಲ ಈಗ ಯಾರ್ ಕೇಳ್ತಾರೆ. ಮದನಪ್ಪ ಹೊಡಿ ಅಂದ್ರು, ಹೊಡ್ದೆ."

"ಮಲ್ಲಾಜಮ್ಮ ಏನೂ ಅನ್ನಲಿಲ್ವಾ?"

"ಅವ್ರು ಒಲೆ ಮುಂದೆ ಕೂತಿದ್ರು. ಏನೂ ಅನ್ನಲಿಲ್ಲ."

ಅವನು ಹೋದ ಮೇಲೆ ರುದ್ರಮ್ಮ ಅರ್ಧಕ್ಕೆ ಬಿಟ್ಟಿದ್ದ ಒಲೆ ಸಾರಿಸಲು ಕೂತಳು. ಬೈಯೋಣವೆಂದರೆ ಬೈಯಲು ಯಾರೂ ಇರಲಿಲ್ಲ. ಹುಡುಗ ಕೇಳಿಕೊಂಡಿದ್ದ, ಇವಳು ಹೂಂ ಎಂದಿದ್ದಳು, ಹೂಂ ಎಂದು ಮಾತು ತಪ್ಪಿದ್ದಳು. ಸುಮ್ಮನೆ ಬಿಟ್ಟಿದ್ದರೆ ಸದ್ದಿಲ್ಲದಿದ್ದರೂ ಆ ಮನೆಯ ಒಲೆಗೆ ತನ್ನ ಮನೆಯ ಬೆಳಕಾದರೂ ಇರುತ್ತಿತ್ತು. ಏಟು ಕೇಳಬೇಕೆಂಬ ಆಸೆಗೆ ಇದ್ದ ವೈರನ್ನೂ ತಾನೇ ಕತ್ತರಿಸಿಕೊಂಡ ಹಾಗಾಯಿತು. ಆ ಮನೆಯವಳು ಇನ್ನು ತನ್ನನ್ನು ಕೇಳಬೇಕಾದದ್ದು ಈ ಜನ್ಮದಲ್ಲಿ ಏನೂ ಉಳಿದಿಲ್ಲ ಎನ್ನುವುದು ಅವಳಿಗೆ ಸ್ಪಷ್ಟವಾಯಿತು. ಆ ಸಂಜೆ ಗಳುಗಳ ಮೇಲೆ ಬೆಳಕು ಬಿದ್ದಾಗ ಅವಳು ತಲೆಯೆತ್ತಿ ನೋಡಲಿಲ್ಲ.

ಮರುದಿನ ಸೋಮವಾರ. ಮದನ್ ನಂಜನಗೂಡಿನಿಂದ ಇನ್ನೂ ಬಂದಿರಲಿಲ್ಲ. ಶಿವಸ್ವಾಮಿ ಅಂಗಡಿಯಲ್ಲಿದ್ದ. ಗಂಗಾಧರಸ್ವಾಮಿ ಮದುವೆಯ ಛತ್ರದ ಮಾತಿಗೆಂದು ಹೊರಗೆ ಹೋಗಿದ್ದ. ರುದ್ರಮ್ಮ ದೇವರಿಗೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ಗೋಡೆಗೆ ಬೆನ್ನು ಹಾಕಿ ಅವರೆಕಾಯಿ ಬಿಡಿಸಲು ಕೂತಳು. ಹೊರಗೆ ಕತ್ತಲು ಕವಿಯುತ್ತಿತ್ತು.

ಗೋಡೆಯ ಮೇಲೆ ಎರಡು ಏಟು ಬಿತ್ತು.

ಪುಟ್ಟರಾಜು ಏನಾದರೂ ಬಿಟ್ಟುಹೋಗಿದ್ದನೇನೋ ಎಂದುಕೊಂಡಳು. ಆದರೆ ಸುತ್ತಿಗೆಯ ಸದ್ದು ಬೇರೆ, ಸೌಟಿನ ಸದ್ದು ಬೇರೆ. ನಿನ್ನೆ ಗಾಬರಿಯಲ್ಲಿ ಮೋಸಹೋಗಿದ್ದಳು, ಇವತ್ತು ಹೋಗಲಿಲ್ಲ. ಅವರೆಕಾಯಿ ಮಡಿಲಲ್ಲಿಟ್ಟುಕೊಂಡು ಉಸಿರು ಹಿಡಿದು ಕೂತಳು. ಮತ್ತೆ ಎರಡು ಏಟು ಬಿತ್ತು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಸ್ವಲ್ಪ ಬಿಡುವಿತ್ತು.

ಎದ್ದಳು. ಕಾಯಿ ನೆಲಕ್ಕೆಲ್ಲ ಚೆಲ್ಲಿತು. ಸ್ವಿಚ್ಚಿನ ಮೇಲೆ ಕೈಯಿಟ್ಟಳು. ಅದರಲ್ಲಿ ಏನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ವೈರು ಕತ್ತರಿಸಿದ್ದನ್ನು ಕಣ್ಣಾರೆ ನೋಡಿದ್ದಳು. ಆ ಅಡುಗೆಕೋಣೆಯ ಗೋಡೆಯ ಮೇಲೆ ಬಿಳಿ ಗುಂಡಿ ಇದೆಯೆಂದೂ, ಒಂದು ಬೆರಳು ಊರಿದರೆ ಅವರ ದೀಪ ಅವರಿಗೆ ಹತ್ತುತ್ತದೆಯೆಂದೂ ಗೊತ್ತಿತ್ತು. ಆದರೂ ಒತ್ತಿದಳು. ಹಳೆಯ ಸ್ವಿಚ್ಚು ಟಕ್ಕೆಂದಿತು.

ಆ ಟಕ್ಕೆಂಬ ಸದ್ದಿಗೇ ಕಾದಿದ್ದಂತೆ ಆಚೆ ಕಡೆ ದೀಪ ಹತ್ತಿತು. ಗಳುಗಳ ಮೇಲೆ ಬೆಳಕು ಬಿತ್ತು.

ರುದ್ರಮ್ಮ ಗೋಡೆಗೆ ಹಣೆ ಹಚ್ಚಿ ಅತ್ತಳು. ಅತ್ತದ್ದು ಆಚೆಗೆ ಕೇಳಿಸಿರಬಹುದು. ಆಚೆಯಿಂದಲೂ ಮೂಗು ಎಳೆದುಕೊಂಡ ಸದ್ದು ಬಂತು, ಆಮೇಲೆ ಸಾಸಿವೆ ಸಿಡಿಯಿತು.

ಮಲಗುವ ಹೊತ್ತಿಗೆ ಒಂದು ಏಟು ಬಿತ್ತು. ಅವಳು ಹೋಗಿ ಸ್ವಿಚ್ಚು ಆರಿಸಿದಳು, ಆ ಮನೆಯ ದೀಪವೂ ಆರಿತು. ಊಟ ಮುಗಿಸಿ ಕೈ ತೊಳೆಯುತ್ತಿದ್ದ ಶಿವಸ್ವಾಮಿ ಇದನ್ನು ನೋಡಿ, "ಅಲ್ಲ ಕಣೇ, ಅದ್ರಲ್ಲಿ ಕರೆಂಟೇ ಇಲ್ವಲ್ಲ, ಮತ್ಯಾಕೆ ಒತ್ತೀಯೆ?" ಎಂದು ಕೇಳಿದ.

"ಕುಟ್ಟುದ್ಲಲ್ಲ ಅದುಕ್ಕೆ" ಎಂದು ಅವಳು ಹಾಸಿಗೆ ಹಾಸಲು ಹೋದಳು.